ಎಬ್ಬಿಸಿದರೂ ಏಳದ ಅತಿಥಿಗಳು

ಮಲಗಿದವರಿಂದ ಯಾರಿಗೂ ಉಪದ್ರವವಿಲ್ಲ ಎನ್ನುತ್ತಾರೆ. ಹಾಗೆ ಹೇಳಿದವರು ಯಾರೂ ಫೆರೆಟ್ ಸಾಕಿರಲಿಕ್ಕಿಲ್ಲ. ಕೊರೊನಾ ಕಾಲದಲ್ಲಿ ಐರ್ಲೆಂಡಿನ ಗಾಲ್ವೇಯ ನಮ್ಮ ಮನೆಯಲ್ಲಿ ನಡೆದ ಗಲಾಟೆಗಳೆಲ್ಲ, ಒಂದೂ ಬಿಡದಂತೆ, ಎರಡು ಪ್ರಾಣಿಗಳು ತಮ್ಮ ಪಾಡಿಗೆ ತಾವು ಮಲಗಿದ್ದರಿಂದಲೇ ನಡೆದವು. ಎಚ್ಚರವಿದ್ದಾಗ ಅವು ಒಂದೆರಡು ಕಾಲುಚೀಲ ಕದ್ದಿರಬಹುದು, ಅಷ್ಟೇ.

ಮನೆಯಲ್ಲಿ ನಾವು ಮೂವರು. ನಾನು ಪಾರ್ಕ್‌ಮೋರ್‌ನಲ್ಲಿ ಹೃದಯದ ಚಿಕಿತ್ಸೆಗೆ ಬೇಕಾದ ಸಣ್ಣ ಕೊಳವೆಗಳನ್ನು ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವಳು. ಲಾಕ್‌ಡೌನ್ ಇರಲಿ, ಬಿಡಲಿ, ನಾನು ಹೋಗಲೇಬೇಕು. ಎರಡನೆಯವರು ನನ್ನ ಗಂಡ, ಇವರದು ಸಾಫ್ಟ್‌ವೇರ್. ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿದ್ದ ಇವರ ಆಫೀಸು ಆಗ ನಮ್ಮ ಊಟದ ಮೇಜಿನ ಮೇಲೆ ಬಂದು ಕೂತಿತ್ತು. ಮೂರನೆಯವರು ನಮ್ಮ ಅತ್ತೆ. ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದವರು, ವಿಮಾನ ನಿಂತು ಇಲ್ಲೇ ಉಳಿದರು. ಅತ್ತೆ ಸೊಸೆ ಒಂದೇ ಸೂರಿನಡಿ, ಹೊಸಿಲು ದಾಟುವಂತಿಲ್ಲ. ಊರಲ್ಲಿದ್ದ ನನ್ನ ಅಮ್ಮ ಕೊರೊನಾಕ್ಕಿಂತ ಇದಕ್ಕೇ ಹೆಚ್ಚು ಹೆದರಿದ್ದಳು.

ಪಕ್ಕದ ಮನೆಯಲ್ಲಿ ಒಬ್ಬ ಐರಿಷ್ ಅಜ್ಜ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಿತ್ತಲಿನ ಮರದ ಗೂಡಿನಲ್ಲಿ ಎರಡು ಫೆರೆಟ್ ಇದ್ದವು, ಒಂದು ಬಿಳಿ, ಒಂದು ಕಂದು. ನೋಡಲು ಮುಂಗುಸಿಯನ್ನು ಎಳೆದು ಉದ್ದ ಮಾಡಿದ ಹಾಗೆ. ರೈತರ ಹೊಲದಲ್ಲಿ ಬಿಲಕ್ಕೆ ನುಗ್ಗಿ ಮೊಲಗಳನ್ನು ಹೊರಗಟ್ಟುವುದು ಅವುಗಳ ಕಸುಬು. ಅತ್ತೆ ಬಂದ ಹೊಸದರಲ್ಲೇ ಗೋಡೆಯಾಚೆ ಅವನ್ನು ನೋಡಿ, "ಮುಂಗುಸಿ ದರ್ಶನ ಆಯ್ತು, ಒಳ್ಳೇದಾಗತ್ತೆ" ಎಂದು ಕೈಮುಗಿದರು. ಅಜ್ಜ ಅದು ತಮಗೇ ಮಾಡಿದ ನಮಸ್ಕಾರ ಎಂದುಕೊಂಡು ಟೋಪಿ ತೆಗೆದರು. ಸ್ನೇಹ ಅಲ್ಲಿಂದ ಶುರು. ಅಜ್ಜ ಇಂಗ್ಲಿಷಿನಲ್ಲಿ, ಅತ್ತೆ ಕನ್ನಡದಲ್ಲಿ, ಮೊಣಕಾಲೆತ್ತರದ ಗೋಡೆಯ ಎರಡು ಕಡೆ ನಿಂತು ದಿನವೂ ಮಾತಾಡುವರು. ನಾವು ಹೋಗಿ ಅನುವಾದ ಮಾಡಿದರೆ ಇಬ್ಬರಿಗೂ ಕಿರಿಕಿರಿ.

ಆ ಅಜ್ಜನಿಗೆ ಸೋಂಕು ತಗುಲಿ, ಉಸಿರು ಕಟ್ಟಿ, ಒಂದು ಬೆಳಿಗ್ಗೆ ಆಂಬುಲೆನ್ಸ್ ಬಂತು. ಒಳಗೆ ಏರಿಸುವ ಮೊದಲು ಅವರು ಅತ್ತೆಯನ್ನು ಕಂಡು ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿದರು. "ಮಿಸ್ಸಸ್, ನನ್ನ ಹುಡುಗರನ್ನ ನೋಡ್ಕೊಳ್ಳಿ. ಅವರೇನೂ ತೊಂದ್ರೆ ಕೊಡಲ್ಲ, ಆರಾಮಾಗಿರ್ತಾರೆ."

ಅತ್ತೆ ಕನ್ನಡದಲ್ಲೇ ಹೇಳಿದರು. "ನೀವು ಬರೋವರೆಗೂ ಅವಕ್ಕೆ ಏನೂ ಆಗಲ್ಲ. ಇದು ನನ್ನ ಮಾತು."

ಅಜ್ಜ ತಲೆಯಾಡಿಸಿದರು. ಗಾಡಿ ಹೋಯಿತು. ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತು, "ಮಾತು ಕೊಟ್ಬಿಟ್ಟೆ ಕಣೇ. ಅವರು ತಿರುಗಿ ಬರಬೇಕು, ಬಂದಾಗ ಇವು ಜೀವಂತ ಇರಬೇಕು" ಎಂದರು. ಆವತ್ತಿನಿಂದ ಅವರಿಗೆ ನೆಟ್ಟಗೆ ಒಂದು ನಿದ್ದೆ ಬರಲಿಲ್ಲ.

ಗೂಡು ನಮ್ಮ ಹಿತ್ತಲಿಗೆ ಬಂತು. ಬಿಳಿಯದಕ್ಕೆ ಅತ್ತೆ ಬೆಳ್ಳಿ ಎಂದೂ, ಕಂದು ಬಣ್ಣದ್ದಕ್ಕೆ ಗುಂಡ ಎಂದೂ ಹೆಸರಿಟ್ಟರು. ಇವು ಹೇಗೆ ಮಲಗುತ್ತವೆ ಎಂಬುದೊಂದನ್ನು ಅಜ್ಜ ಹೇಳಿರಲಿಲ್ಲ. ಜೀವಮಾನವಿಡೀ ನೋಡಿದವರಿಗೆ ಅದು ಹೇಳಬೇಕಾದ ವಿಷಯ ಅನ್ನಿಸಿರಲಿಕ್ಕಿಲ್ಲ.

ಕಾಶಿಯ ನೀರು

ಮಾರನೆಯ ಬೆಳಿಗ್ಗೆಯೇ ಅತ್ತೆಯ ಕೂಗು. "ಬೇಗ ಬಾರೇ, ಬೆಳ್ಳಿ ಹೋಗ್ಬಿಡ್ತು."

ಓಡಿ ಹೋಗಿ ನೋಡಿದರೆ ಬೆಳ್ಳಿ ಅಂಗಾತ ಬಿದ್ದಿದೆ. ಎತ್ತಿದರೆ ಎರಡು ಕಡೆಗೂ ಹಿಂಡಿದ ಬಟ್ಟೆಯಂತೆ ಜೋತುಬಿತ್ತು. ಕರೆದೆವು, ಅಲುಗಾಡಿಸಿದೆವು, ಇವರು ಕಿವಿಯ ಬಳಿ ಚಪ್ಪಾಳೆ ತಟ್ಟಿದರು. ನಾನು ಮೂಗಿನ ಮುಂದೆ ಸ್ಟೀಲ್ ಚಮಚ ಹಿಡಿದೆ. ಗಾಲ್ವೇಯ ಆ ಥಂಡಿಗೆ ಚಮಚದ ಮೇಲೆ ನನ್ನದೇ ಉಸಿರು ಕೂತು, ಪರೀಕ್ಷೆ ಅಲ್ಲಿಗೆ ಕೆಟ್ಟಿತು.

"ಒಂದು ದಿನವೂ ಉಳಿಸ್ಕೊಳ್ಳೋಕೆ ಆಗಲಿಲ್ವಲ್ಲ" ಎಂದು ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಕಾಶಿಯಿಂದ ತಂದ ತಾಮ್ರದ ಪುಟ್ಟ ಗಿಂಡಿ. ಬಾಯಿಗೆ ಬೆಸುಗೆ ಹಾಕಿದ್ದು ಹಾಗೇ ಇತ್ತು. ತಮ್ಮ ಕೊನೆಗಾಲಕ್ಕೆಂದು ಇಟ್ಟುಕೊಂಡ ಗಂಗಾಜಲ ಅದು. ಎಲ್ಲಿ ಏನಾಗುತ್ತೋ ಎಂದು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ಐರ್ಲೆಂಡಿಗೂ ತಂದಿದ್ದರು.

"ಅಮ್ಮ, ಅದು ನಿಂಗೆ ಅಂತ ಇಟ್ಟಿದ್ದು" ಎಂದರು ಇವರು.

"ನನಗೆ ಹೋಗೋ ಅವಸರ ಇಲ್ಲ. ಮನೆಗೆ ಬಂದ ಜೀವ, ಬಾಯಿಗೆ ನೀರಿಲ್ದೆ ಕಳಿಸಬಾರದು. ಸ್ಕ್ರೂಡ್ರೈವರ್ ತಗೊಂಬಾ."

ಇವರು ಬೆಸುಗೆ ಕಿತ್ತರು. ಅತ್ತೆ ಪೂರ್ವಕ್ಕೆ ತಿರುಗಿ, ಏನೋ ಹೇಳಿಕೊಂಡು, ಚಮಚದ ತುದಿಯಿಂದ ಎರಡು ಹನಿ ಬಿಟ್ಟರು. ಬೆಳ್ಳಿ ಒಮ್ಮೆ ಸೀನಿತು. ದವಡೆ ಕಾಣುವಷ್ಟು ಬಾಯಿ ತೆರೆದು ಆಕಳಿಸಿತು. ಎದ್ದು ಮೈ ಕೊಡವಿ ಚಮಚ ಕಚ್ಚಿಕೊಂಡು ಗೂಡಿನ ಮೂಲೆಗೆ ಓಡಿತು.

ನಾನು ನೆಲದ ಮೇಲೇ ಕೂತೆ. ಅತ್ತೆಗೆ ಮಾತ್ರ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ. ಗಿಂಡಿಯನ್ನು ಕಣ್ಣಿಗೊತ್ತಿಕೊಂಡು, "ಬಾಯಿ ಮುಚ್ಚಿ ಭದ್ರವಾಗಿಡು. ಇನ್ನೂ ಗಿಂಡಿ ತುಂಬ ಇದೆ, ಬೀದಿಯವರಿಗೆಲ್ಲ ಆಗತ್ತೆ" ಎಂದರು.

ಅತ್ಯಗತ್ಯ ಪ್ರಯಾಣ

ಅದೇ ವಾರ ಗುಂಡನ ಸರದಿ. ಈ ಸಲ ಗಂಗಾಜಲವೂ ಹತ್ತಲಿಲ್ಲ. ಹನಿಗಳು ಬಾಯಿಯ ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಬಂದವು. ಅತ್ತೆಯ ಮುಖ ಬಿಳುಚಿತು. "ಡಾಕ್ಟರ ಹತ್ರ ನಡೀರಿ" ಎಂದರು.

ಆಗ ಕಾರಣವಿಲ್ಲದೆ ದೂರ ಹೋಗುವಂತಿರಲಿಲ್ಲ, ರಸ್ತೆಯಲ್ಲಿ ಪೊಲೀಸರು. ಇಲ್ಲಿ ಅವರನ್ನು ಗಾರ್ಡ ಎನ್ನುತ್ತಾರೆ. ನಾನು ಕಾರು ಓಡಿಸಿದೆ, ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಮಡಿಲಲ್ಲಿ ಟವೆಲಿನ ಮೇಲೆ ಗುಂಡ. ತಿರುವಿನಲ್ಲಿ ಒಬ್ಬ ಎತ್ತರದ ಗಾರ್ಡ ಕೈ ಅಡ್ಡ ಹಿಡಿದ.

"ಎಲ್ಲಿಗೆ ಹೊರಟಿದ್ದೀರಿ?"

"ಪಶುವೈದ್ಯರ ಹತ್ತಿರ. ಇದು ಸಾಯ್ತಾ ಇದೆ" ಎಂದೆ. ಆಸ್ಪತ್ರೆಯಲ್ಲಿರುವ ಅಜ್ಜ, ಅತ್ತೆ ಕೊಟ್ಟ ಮಾತು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಆತ ಕಿಟಕಿಯಿಂದ ಬಗ್ಗಿ ನೋಡಿದ. ಗಂಭೀರವಾಗಿದ್ದ ಮುಖ ಸಡಿಲವಾಯಿತು. "ಸ್ವಲ್ಪ ಕೊಡ್ತೀರಾ?" ಎಂದು ಗ್ಲೌಸ್ ಹಾಕಿದ ಕೈ ಚಾಚಿದ. ಅತ್ತೆ ಕೊಟ್ಟರು. ಆತ ಗುಂಡನ ಕತ್ತಿನ ಹಿಂದಿನ ಸಡಿಲ ಚರ್ಮವನ್ನು ಹಿಡಿದು ಮೇಲೆತ್ತಿದ. ಗುಂಡ ನೇತಾಡುತ್ತ ನಿಧಾನವಾಗಿ ಒಂದು ದೊಡ್ಡ ಆಕಳಿಕೆ ತೆಗೆದ, ಕಣ್ಣು ತೆರೆದು ಅತ್ತೆಯನ್ನು ನೋಡಿದ, ಮತ್ತೆ ಮುಚ್ಚಿದ.

"ನಮ್ಮ ತಂದೆಯೂ ಇವನ್ನ ಸಾಕಿದ್ರು" ಎಂದ ಗಾರ್ಡ. "ಇವು ಮಲಗೋದೇ ಹೀಗೆ. ಹೊಟ್ಟೆ ತುಂಬಿದ್ರೆ ಮನೆ ಬಿದ್ರೂ ಏಳಲ್ಲ. ನಮ್ಮಮ್ಮ ಮದುವೆಯಾದ ಹೊಸದರಲ್ಲಿ ಒಂದನ್ನ ಹೂಳೋಕೆ ಗುಂಡಿ ತೋಡಿದ್ಲು."

ನಾನು ಅನುವಾದಿಸಿದೆ. ಅತ್ತೆ ಆತನನ್ನು ನೂರು ವರ್ಷ ಬಾಳು ಎಂದು ಹರಸಿದರು. ಅವತ್ತಿನ ಆ ಒಂದು ಆಕಳಿಕೆಗೆ ನಾನು ಇವತ್ತಿಗೂ ಋಣಿ. ಹೋಗಿ ಬರುತ್ತೇವೆ, ಬಂದದ್ದಾಯಿತು, ಒಮ್ಮೆ ಡಾಕ್ಟರಿಗೂ ತೋರಿಸುತ್ತೇವೆ ಎಂದು ಗೇರು ಹಾಕಿದೆ. ಗಾರ್ಡ ಮತ್ತೆ ಕೈ ಅಡ್ಡ ಹಿಡಿದ.

"ಕ್ಷಮಿಸಿ. ಅದು ಸಾಯ್ತಾ ಇದ್ದಾಗ ನೀವು ಹೋಗಬಹುದಿತ್ತು. ಈಗ ಬದುಕಿದೆ, ನಿಮ್ಮ ಪ್ರಯಾಣ ಅತ್ಯಗತ್ಯ ಅಲ್ಲ. ಗಾಡಿ ತಿರುಗಿಸಿ."

ಒಗೆದ ಬಟ್ಟೆ

ಗೊತ್ತಾದ ಮೇಲೆ ನೆಮ್ಮದಿಯಾಗಬೇಕಿತ್ತಲ್ಲ? ಆಗ ಅವುಗಳನ್ನು ಮನೆಯೊಳಗೂ ಬಿಟ್ಟೆವು. ಒಳಗೆ ಬಂದವು ಮೆತ್ತಗಿದ್ದಲ್ಲೆಲ್ಲ ಬಿದ್ದುಕೊಂಡವು.

ಅವುಗಳ ಮಾಂಸವನ್ನು ಬೀದಿಯವರು ಸರದಿಯಲ್ಲಿ ತಂದು ಗೇಟಿನ ಬಳಿ ಇಟ್ಟು ಹೋಗುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಮೊಟ್ಟೆಯೂ ಇರುವುದಿಲ್ಲ ಎಂದು ಅವರಿಗೆ ಯಾರು ಹೇಳಿದರೋ. ಹೇಳದೆ ಮಾಡಿದ ಆ ಉಪಕಾರಕ್ಕೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. "ಅದರ ಆಹಾರ ಅದಕ್ಕೆ, ತಪ್ಪಿಲ್ಲ. ನನ್ನ ಒಲೆ ಹತ್ರ ಬರಬಾರದು, ಅಷ್ಟೇ" ಎಂಬುದು ಅತ್ತೆಯ ತೀರ್ಪು. ಹಿತ್ತಲಲ್ಲಿ ತಿನ್ನಿಸುವ ಕೆಲಸ ಇವರದು. ತಿನ್ನಿಸಿದ ಮೇಲೆ ಇವರು ತಲೆಗೆ ಸ್ನಾನ ಮಾಡಿಯೇ ಒಳಗೆ ಬರಬೇಕು. ಇವರ ಮೀಟಿಂಗುಗಳಲ್ಲಿ ಸದಾ ಒದ್ದೆ ತಲೆ ಕಂಡು, ಈ ಮನುಷ್ಯ ಎಷ್ಟು ಈಜುತ್ತಾನೆ ಎಂದು ಮ್ಯಾನೇಜರ್ ಕೇಳಿದರಂತೆ.

ಒಂದು ಬೆಳಿಗ್ಗೆ ಬಿಸಿಲು ಕಂಡಿತು. ಗಾಲ್ವೇಯಲ್ಲಿ ಬಿಸಿಲು ಕಂಡರೆ ಎಲ್ಲ ಬಿಟ್ಟು ಬಟ್ಟೆ ಒಗೆಯಬೇಕು. ನಾನು ಒಗೆದ ಬಿಳಿ ಟವೆಲುಗಳನ್ನು ಅತ್ತೆ ಬುಟ್ಟಿಯಲ್ಲಿ ತಂದು ಹಗ್ಗಕ್ಕೆ ಹಾಕುತ್ತಿದ್ದರು. ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗಿ, ಅದನ್ನು ಸೆರಗಿಗೆ ಸಿಕ್ಕಿಸಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಎದುರು ಮನೆಯಾಕೆ ಫೋನ್ ಮಾಡಿ, ಬಹಳ ಮರ್ಯಾದೆಯಿಂದ, "ನಿಮ್ಮ ಹಗ್ಗದ ಮೇಲಿನ ಕೊನೇ ಟವೆಲಿಗೆ ಬಾಲ ಇದೆ" ಎಂದರು.

ಹೋಗಿ ನೋಡಿದೆ. ಟವೆಲುಗಳ ಸಾಲಿನಲ್ಲಿ ಬೆಳ್ಳಿ ಹಗ್ಗದ ಎರಡು ಕಡೆಗೂ ಸಮನಾಗಿ ಜೋತುಬಿದ್ದು, ಗಾಳಿಗೆ ಮೆಲ್ಲಗೆ ತೂಗುತ್ತ, ಸುಖವಾಗಿ ನಿದ್ರಿಸುತ್ತಿತ್ತು.

"ಕೈಗೆ ಬೆಚ್ಚಗೆ ಸಿಗಲಿಲ್ವಾ ಅತ್ತೆ?" ಎಂದೆ.

"ಸಿಕ್ತು. ನೀನು ಬಿಸಿನೀರಲ್ಲಿ ಒಗೆದಿದೀಯಲ್ಲ ಅಂದ್ಕೊಂಡೆ." ಕನ್ನಡಕ ಏರಿಸಿಕೊಂಡು, "ಆಗ್ಲೇ ಒಂದು ಸಲ ತಿರುವಿ ಬೇರೆ ಹಾಕಿದೆ" ಎಂದರು.

ಜ್ವರ

ನಮ್ಮ ಕಾರ್ಖಾನೆಯಲ್ಲಿ ಒಳಗೆ ಹೋಗುವವರು ಮುಖಕ್ಕೆ ಪೌಡರ್ ಹಚ್ಚುವಂತಿಲ್ಲ. ಎಲ್ಲಾದರೂ ಒಂದು ಕೂದಲು ಬಿದ್ದರೆ ಆ ಬಗ್ಗೆ ಉದ್ದುದ್ದ ವರದಿ ಬರೆದು ಎಲ್ಲರ ಶಾಪ ತಿನ್ನುವವಳು ನಾನೇ. ಅಂಥ ನಾನು ಒಂದು ದಿನ ಗೇಟಿನಲ್ಲಿ ಬ್ಯಾಗ್ ತೆರೆದಾಗ ಸ್ವೆಟರಿನ ನಡುವೆ ಗುಂಡ ಮಲಗಿದ್ದ. ಮನೆಯಿಂದ ಪಾರ್ಕ್‌ಮೋರ್‌ವರೆಗೆ, ಅಷ್ಟೂ ರೌಂಡಬೌಟುಗಳನ್ನು ಸುತ್ತಿ, ಒಂದು ಮಿಸುಕಾಟವಿಲ್ಲದೆ ಬಂದಿದ್ದ.

ಸೆಕ್ಯುರಿಟಿಯವರು ವಯಸ್ಸಾದವರು. ಬ್ಯಾಗನ್ನು ನೋಡಿದರು, ನನ್ನನ್ನು ನೋಡಿದರು. "ಒಳಗೆ ಬರೋ ಪ್ರತಿಯೊಬ್ಬರಿಗೂ ಟೆಂಪರೇಚರ್ ನೋಡಬೇಕು ಅಂತ ನನಗೆ ಆರ್ಡರ್ ಇದೆ" ಎಂದು ಮುಖದಲ್ಲಿ ನಗು ಕಾಣಿಸದೆ ಗುಂಡನ ಹೊಟ್ಟೆಗೆ ಯಂತ್ರ ಹಿಡಿದರು. ಫೆರೆಟ್ಟುಗಳ ಮೈಯೇ ನಮಗಿಂತ ಬಿಸಿ ಎಂದು ನನಗೂ ಗೊತ್ತಿರಲಿಲ್ಲ. ಯಂತ್ರ ಕೆಂಪಾಗಿ ಕೂಗಿಕೊಂಡಿತು.

"ಜ್ವರ ಇದೆ. ಇವನು ನಿಮ್ಮ ಮನೆಯಲ್ಲೇ ಇರೋನಾ?"

"ಹೌದು."

"ಹಾಗಾದ್ರೆ ನೀವೂ ಒಳಗೆ ಹೋಗೋ ಹಾಗಿಲ್ಲ."

ನನ್ನ ಮೇಲಧಿಕಾರಿಗೆ ಫೋನ್ ಹಚ್ಚಿದರು. ಆಕೆ ಐದು ನಿಮಿಷ ನಕ್ಕು, ಆಮೇಲೆ ಮೆತ್ತಗೆ, "ಹೋಗಿ ಅವನನ್ನ ಮನೆಗೆ ಬಿಟ್ಟು, ಒಂದು ಕಪ್ ಟೀ ಕುಡಿದು, ನಿಧಾನವಾಗಿ ಬಾ. ನೀನೂ ಬಹಳ ದಿನದಿಂದ ದಣಿದಿದ್ದೀಯ" ಎಂದಳು. ಆ ತಿಂಗಳುಗಳಲ್ಲಿ ನಾನು ದಣಿದಿದ್ದೇನೆ ಎಂದು ಗಮನಿಸಿದ ಮೊದಲನೆಯವಳು ಆಕೆ.

ಸೆಕ್ಯುರಿಟಿಯವರು ಬ್ಯಾಗಿನ ಜಿಪ್ಪನ್ನು ಉಸಿರಾಡಲು ಜಾಗ ಬಿಟ್ಟು ಎಳೆದುಕೊಟ್ಟರು. ಗುಂಡ ಇನ್ನೂ ಎದ್ದಿರಲಿಲ್ಲ. "ಒಳ್ಳೇ ಹುಡುಗ" ಎಂದರು. "ಕೊರೊನಾ ಬಂದ ಮೇಲೆ ಈ ಗೇಟಲ್ಲಿ ನನ್ನ ಹತ್ರ ಜಗಳ ಆಡದೆ ವಾಪಸ್ ಹೋಗ್ತಾ ಇರೋನು ಇವನೊಬ್ಬನೇ."

ಮೇಜಿನ ಕೆಳಗಿನ ಸದ್ದು

ಆಸ್ಪತ್ರೆಯಿಂದ ನರ್ಸ್ ಆಗಾಗ ಫೋನ್ ಮಾಡುತ್ತಿದ್ದಳು. ಸುದ್ದಿ ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಒಂದು ಮಧ್ಯಾಹ್ನ ವಿಡಿಯೊ ಕಾಲ್ ಬಂತು. "ಮೂರು ದಿನದಿಂದ ಅವರು ಊಟ ಮುಟ್ಟಿಲ್ಲ. ಹುಡುಗರು ಹೇಗಿದ್ದಾರೆ ಅಂತ ಮಾತ್ರ ಕೇಳ್ತಾರೆ. ಒಮ್ಮೆ ತೋರಿಸ್ತೀರಾ?"

ಹುಡುಗರು ಆಗ ತಾನೇ ಹೊಟ್ಟೆ ತುಂಬ ತಿಂದು ಮಲಗಿದ್ದರು. ಕತ್ತಿನ ಚರ್ಮ ಹಿಡಿದೆವು, ಆಕಳಿಸಿ ಮತ್ತೆ ಮಲಗಿದರು. ಮೂಗಿಗೆ ತುಪ್ಪ ಸವರಿದೆವು, ನಿದ್ದೆಯಲ್ಲೇ ನೆಕ್ಕಿದರು.

"ಹೀಗೆ ಜೋತುಬಿದ್ದಿರೋದನ್ನ ತೋರಿಸಿದ್ರೆ ಆ ಜೀವ ಅಲ್ಲೇ ನಿಂತು ಹೋಗತ್ತೆ" ಎಂದರು ಅತ್ತೆ. ನಮಗಿಂತ ಚೆನ್ನಾಗಿ ಅಜ್ಜನಿಗೆ ಈ ನಿದ್ದೆ ಗೊತ್ತು ಎಂಬುದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅತ್ತೆ ಬೆಳ್ಳಿಯನ್ನು ಎದೆಗೊರಗಿಸಿಕೊಂಡು, ಒಂದು ಕೈಯಿಂದ ಅದರ ತಲೆ ನೆಟ್ಟಗೆ ನಿಲ್ಲಿಸಿ, ಇನ್ನೊಂದು ಕೈಯಿಂದ ಅದರ ಮುಂಗಾಲು ಹಿಡಿದರು. ಫೆರೆಟ್ಟುಗಳು ಖುಷಿಯಾದಾಗ ಕೊಕ್ಕೊಕ್ಕೊ ಎಂದು ಒಂದು ಸಣ್ಣ ಸದ್ದು ಮಾಡುತ್ತವೆ. ಆ ಸದ್ದು ಮಾಡಲೆಂದು ಇವರನ್ನು ಮೇಜಿನ ಕೆಳಗೆ ಕೂರಿಸಿದರು.

ಪರದೆಯ ಮೇಲೆ ಅಜ್ಜ ಕಂಡರು. ಅರ್ಧಕ್ಕರ್ಧ ಇಳಿದು ಹೋಗಿದ್ದರು. ಅತ್ತೆ ಅಳು ನುಂಗಿ ಬೆಳ್ಳಿಯ ಕೈಯಾಡಿಸಿದರು, ತಲೆ ತೂಗಿಸಿದರು, ಎರಡು ಕಾಲು ಜೋಡಿಸಿ ನಮಸ್ಕಾರವನ್ನೂ ಮಾಡಿಸಿದರು. ಮೇಜಿನ ಕೆಳಗಿಂದ ಕೊಕ್ಕೊಕ್ಕೊ ಬಂತು.

ಅಜ್ಜ ಬಹಳ ಹೊತ್ತು ನೋಡಿದರು. "ಮಿಸ್ಸಸ್, ಅವಳು ಮಲಗಿದ್ದಾಳೆ. ಮಲಗಲಿ ಬಿಡಿ. ನಿಮಗೆ ಕೈ ನೋವಾಗತ್ತೆ" ಎಂದರು. ಹೇಳುತ್ತ ಹೇಳುತ್ತ ಅವರ ಹೆಗಲು ಅಲುಗತೊಡಗಿತು. ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ನರ್ಸ್ ಗಾಬರಿಯಿಂದ ಓಡಿ ಬಂದವಳು, ಅವರು ನಗುತ್ತಿರುವುದನ್ನು ಕಂಡು ತಾನೂ ಕಣ್ಣೊರೆಸಿಕೊಂಡಳು. ಅಜ್ಜ ಪಕ್ಕದಲ್ಲಿದ್ದ ಕಸ್ಟರ್ಡ್ ಬಟ್ಟಲಿಗೆ ಕೈ ಚಾಚಿದರು. ಅತ್ತೆ ಬೆಳ್ಳಿಯನ್ನು ಅಪ್ಪಿಕೊಂಡು ಗಟ್ಟಿಯಾಗಿಯೇ ಅತ್ತರು.

ಫೋನ್ ಇಡುವ ಮೊದಲು ಅಜ್ಜ ಚಮಚ ತಡೆದರು. "ಒಂದು ಮಾತು. ಆ ಮೇಜಿನ ಕೆಳಗೆ ಕೂಗ್ತಾ ಇರೋದು ಯಾವುದು? ಅದಕ್ಕೇನೋ ಹುಷಾರಿಲ್ಲ. ಮತ್ತೆ ಅದು ನನ್ನದಲ್ಲ."

ಬಿಸಿಲಿನ ಕುರ್ಚಿ

ಬೇಸಿಗೆ ಶುರುವಾಗುವಾಗ ಅಜ್ಜ ಬಂದರು. ಬೀದಿಯವರೆಲ್ಲ ತಮ್ಮ ತಮ್ಮ ಗೇಟಿನಲ್ಲೇ ನಿಂತು ಚಪ್ಪಾಳೆ ತಟ್ಟಿದರು. ಯಾರೂ ಹತ್ತಿರ ಹೋಗುವಂತಿಲ್ಲ, ಯಾರಿಗೂ ಒಳಗೆ ಹೋಗಲು ಮನಸ್ಸಿಲ್ಲ. ಇವರು ಗೂಡನ್ನು ಹೊತ್ತು ಗೋಡೆಯಾಚೆ ಇಟ್ಟು ಹಿಂದೆ ಸರಿದರು. ಅಜ್ಜ ಬಾಗಿಲು ತೆಗೆದರು. ಆವತ್ತು ಮಾತ್ರ ಎರಡೂ ಎಚ್ಚರವಾಗಿದ್ದವು, ಯಾರ ಪುಣ್ಯವೋ. ತೋಳಿನ ಮೇಲೆ ಹತ್ತಿ, ಕಾಲರಿನೊಳಗೆ ನುಗ್ಗಿ, ಅವರ ಕಿವಿ ಮೂಸಿದವು. ಅಜ್ಜ ಟೋಪಿ ತೆಗೆದು ಎದೆಗೆ ಹಿಡಿದು ಅತ್ತೆಯ ಕಡೆ ನೋಡುತ್ತ ನಿಂತರು.

"ನಿಮ್ಮದು ನಿಮಗೆ ಸೇರ್ತು" ಎಂದರು ಅತ್ತೆ. "ನನ್ನ ಮಾತು ಉಳೀತು. ದೇವರು ದೊಡ್ಡವನು."

ಆಮೇಲೆ ಅತ್ತೆ ನಮ್ಮ ಮನೆ ಮುಂದಿನ ಹುಲ್ಲಿನ ಮೇಲೆ, ಬಿಸಿಲಿನಲ್ಲಿ, ಸೀರೆಯ ಮೇಲೊಂದು ಜಾಕೆಟ್ ತೊಟ್ಟು ಕುರ್ಚಿಯಲ್ಲಿ ಕೂತರು. ಗೋಡೆಯಾಚೆ ಅಜ್ಜನೂ ಕುರ್ಚಿ ಹಾಕಿಕೊಂಡರು. ನಾನು ಕಾಫಿ ಮಾಡಲು ಒಳಗೆ ಬಂದೆ. ಡಿಕಾಕ್ಷನ್ ಇನ್ನೂ ಇಳಿದಿರಲಿಲ್ಲ, ಫೋನ್ ಬಂತು. ಅಜ್ಜ.

"ಬೇಗ ಹೊರಗೆ ಬಾ. ನಿಮ್ಮತ್ತೆ... ನಾನು ಎಷ್ಟು ಕೂಗಿದ್ರೂ ಮಾತಾಡ್ತಿಲ್ಲ."

ನಾವಿಬ್ಬರೂ ಓಡಿದೆವು. ಅತ್ತೆಯ ತಲೆ ಹಿಂದಕ್ಕೆ ವಾಲಿತ್ತು, ಬಾಯಿ ತೆರೆದಿತ್ತು, ಒಂದು ಕೈ ಕುರ್ಚಿಯಿಂದ ಕೆಳಗೆ ಇಳಿಬಿದ್ದಿತ್ತು. ಇವರು "ಅಮ್ಮಾ" ಎಂದು ಹುಲ್ಲಿನ ಮೇಲೆ ಮಂಡಿಯೂರಿದರು. ನಾನು ನಾಡಿ ನೋಡಿದೆ, ನನ್ನದೇ ಎದೆಬಡಿತ ಕೈಗೆ ಬಂದು ಏನೂ ತಿಳಿಯಲಿಲ್ಲ. ಅಜ್ಜ ಗೋಡೆ ಹಿಡಿದು ಎದ್ದು ನಿಂತಿದ್ದರು. ಕೆನ್ನೆ ಒದ್ದೆಯಾಗಿತ್ತು. "ನಾನು ಬರೋದನ್ನೇ ಕಾಯ್ತಾ ಇದ್ರಲ್ಲ" ಎಂದರು. "ಈಗ ತಾನೇ ಬಂದೆ."

ಇವರು ಹೆಗಲು ಹಿಡಿದು ಅಲುಗಾಡಿಸಿದರು. ಅತ್ತೆ ಒಂದು ದೊಡ್ಡ ಗೊರಕೆ ಎಳೆದು ಕಣ್ಣು ಬಿಟ್ಟರು. ಮುಂದೆ ಅಳುತ್ತಿರುವ ಮೂರು ಮುಖ.

"ಏನ್ರೋ ಇದು? ಯಾರು ಹೋದ್ರು?"

"ನೀವೇ ಅತ್ತೆ" ಎಂದೆ. "ಕೂಗಿದ್ರೂ ಏಳಲಿಲ್ಲ ಅಂತ ಅಜ್ಜ ಹೆದರ್ಕೊಂಡ್ರು."

ಅತ್ತೆ ಗೋಡೆಯಾಚೆ ನೋಡಿದರು. "ಅಷ್ಟು ದಿನ ನಿಮ್ಮ ಮಕ್ಕಳನ್ನ ನಾವು ಒಂದು ಸಲವೂ ನೆಟ್ಟಗೆ ಮಲಗೋಕೆ ಬಿಡಲಿಲ್ಲ, ನಿಜ. ಅದಕ್ಕೆ ಬಂದ ದಿನವೇ ಸೇಡು ತೀರಿಸ್ಕೋಬೇಕಾ?" ಎಂದು ಹೇಳಿ, ಜಾಕೆಟ್ ಎಳೆದುಕೊಂಡು, ಪಕ್ಕಕ್ಕೆ ಹೊರಳಿ, ಮತ್ತೆ ನಿದ್ದೆ ಹೋದರು.

ನಾನು ಅನುವಾದಿಸಲು ಬಾಯಿ ತೆರೆದೆ. ಅಜ್ಜ ಬೇಡವೆಂದು ಬೆರಳು ತುಟಿಗಿಟ್ಟರು. ಒಳಗೆ ಹೋಗಿ ಎಂದು ನಮಗೆ ಕೈಸನ್ನೆ ಮಾಡಿ, ತಮ್ಮ ಕುರ್ಚಿಯನ್ನು ಅತ್ತೆ ಕಾಣುವ ಹಾಗೆ ತಿರುಗಿಸಿಕೊಂಡು ಕೂತರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬೀದಿಯಲ್ಲಿ ಹೋಗುವವರು ಅತ್ತೆಯ ಭಂಗಿ ಕಂಡು ಗಾಬರಿಯಿಂದ ಗೇಟಿನ ಬಳಿ ನಿಲ್ಲುವರು. ಆಸ್ಪತ್ರೆಯಲ್ಲಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಮಣಿಕಟ್ಟಿನಲ್ಲೇ ಇದ್ದ ಅಜ್ಜ ಪ್ರತಿಯೊಬ್ಬರಿಗೂ ಕೈಯೆತ್ತಿ, ಪಿಸುದನಿಯಲ್ಲಿ, ಬಲು ಜವಾಬ್ದಾರಿಯಿಂದ ಹೇಳುತ್ತಿದ್ದರು: "ಹೆದರಬೇಡಿ, ಉಸಿರಾಡ್ತಾ ಇದ್ದಾರೆ. ನಾನು ನೋಡ್ಕೋತಾ ಇದ್ದೀನಿ."